ಹಳೇ ಆರ್‌ಪಿಜಿ ಪ್ರೋಗ್ರಾಂಗೆ ಡಬ್ಲ್ಯೂಎಸ್‌ಡಿಎಲ್ ಕೊಡಿ ಅಂತಿದ್ದಾರೆ, ಎಲ್ಲಿಂದ ಶುರು ಮಾಡಲಿ?

ರಾಜಾಜಿನಗರ ರಾತ್ರಿಪಾಳಿ
ಸೋಮವಾರ, ಬೆಳಿಗ್ಗೆ 8:50

ಎಲ್ಲರಿಗೂ ನಮಸ್ಕಾರ. ನಾನು ವಾಹನ ಸಾಲ ಕೊಡುವ ಒಂದು ಕಂಪನಿಯ ಐಟಿ ವಿಭಾಗದಲ್ಲಿದ್ದೇನೆ. ಲಾರಿ, ಟೆಂಪೊ, ಆಟೊ, ಈಚೆಗೆ ಸ್ವಲ್ಪ ಮನೆ ಸಾಲವೂ ಶುರುವಾಗಿದೆ. ಲೆಕ್ಕವೆಲ್ಲ ಐಬಿಎಂನ ಎಎಸ್/400 ಕಂಪ್ಯೂಟರ್ ಮೇಲೆ ಓಡುತ್ತದೆ. ಈಗ ಅದನ್ನು ಐಬಿಎಂ ಐ ಅನ್ನಬೇಕು ಅಂತ ಗೊತ್ತು. ಆದರೆ ನಮ್ಮ ಆಫೀಸಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಪ್ರೋಗ್ರಾಂಗಳು ಆರ್‌ಪಿಜಿ ಅನ್ನುವ ಹಳೇ ಭಾಷೆಯಲ್ಲಿವೆ. ಕೆಲವಕ್ಕೆ ಹೆಚ್ಚು ಕಡಿಮೆ ನನ್ನ ವಯಸ್ಸು.

ಒಂದು ಪಾಲುದಾರ ಬ್ಯಾಂಕಿಗೆ ನಾವು ದಿನಕ್ಕೊಂದು ಎಕ್ಸೆಲ್ ಕಳಿಸುತ್ತಿದ್ದೆವು. ಈಗ ಅವರಿಗೆ ಸಾಲದ ಬಾಕಿ ತಮ್ಮ ಸಿಸ್ಟಂನಿಂದಲೇ ಕಾಣಬೇಕಂತೆ. "ಸೋಪ್ ಸರ್ವಿಸ್ ಮಾಡಿ, ಡಬ್ಲ್ಯೂಎಸ್‌ಡಿಎಲ್ ಕಳಿಸಿ" ಅಂತ ಮೇಲ್ ಬಂದಿದೆ. ಸೋಪ್ ಅಂದರೆ ಸಿಸ್ಟಂಗಳು ಎಕ್ಸ್‌ಎಂಎಲ್ (ಟ್ಯಾಗ್ ಹಾಕಿದ ಪಠ್ಯ) ಮೆಸೇಜ್‌ಗಳಲ್ಲಿ ಮಾತಾಡುವ ಪದ್ಧತಿ; ಡಬ್ಲ್ಯೂಎಸ್‌ಡಿಎಲ್ ಅಂದರೆ ಆ ಸರ್ವಿಸ್ ಏನು ತೆಗೆದುಕೊಂಡು ಏನು ಕೊಡುತ್ತದೆ ಅಂತ ಬಣ್ಣಿಸುವ ಕಡತ. ಮ್ಯಾನೇಜರ್ ಆರು ವಾರ ಕೊಟ್ಟಿದ್ದಾರೆ. "ಪ್ರೋಗ್ರಾಂ ಆಗಲೇ ಇದೆಯಲ್ಲ, ಮೇಲೆ ಒಂದು ಎಕ್ಸ್‌ಎಂಎಲ್ ಹೊದಿಸಿದರೆ ಆಯಿತು" ಅನ್ನುತ್ತಾರೆ.

ಪ್ರೋಗ್ರಾಂ ಹೀಗಿದೆ. ಹಸಿರು ಪರದೆ (ಅಕ್ಷರ ಮಾತ್ರ ತೋರಿಸುವ ಹಳೇ ಟರ್ಮಿನಲ್) ಬರುತ್ತದೆ. ಸಾಲದ ನಂಬರ್ ಹೊಡೆದು ಎಂಟರ್ ಒತ್ತಬೇಕು. ಎರಡನೇ ಪರದೆಯಲ್ಲಿ ಕಂತುಗಳು. ಎಫ್8 ಒತ್ತಿದರೆ ಮೂರನೇ ಪರದೆಯಲ್ಲಿ ದಂಡ ಬಡ್ಡಿ ಸೇರಿಸಿ ಚುಕ್ತಾ ಮೊತ್ತ. ಲೆಕ್ಕ ಮಾಡುವ ಸಾಲುಗಳೂ ಪರದೆ ತೋರಿಸುವ ಸಾಲುಗಳೂ ಹುಳಿಯನ್ನ ಕಲಸಿದ ಹಾಗೆ ಬೆರೆತಿವೆ. ಬರೆದವರು ನಿವೃತ್ತರಾಗಿ ಎಂಟು ವರ್ಷ ಆಯಿತು.

ಎಲ್ಲಿಂದ ಶುರು ಮಾಡಲಿ?

ಜೇಸನ್ ಜಿಂದಾಬಾದ್
ಸೋಮವಾರ, ಬೆಳಿಗ್ಗೆ 9:20

ಈ ಕಾಲದಲ್ಲೂ ಸೋಪಾ! ಬ್ಯಾಂಕಿನವರಿಗೆ ಹೇಳಿ ರೆಸ್ಟ್ (ಸರಳವಾದ ವೆಬ್ ಕರೆ) ಮಾಡಿಸಿ, ಎಕ್ಸ್‌ಎಂಎಲ್ ಬದಲು ಜೇಸನ್ ಕೊಡಿ. ಆ ಪ್ರೋಗ್ರಾಂ ಕಡೆ ತಲೆಯೇ ಹಾಕಬೇಡಿ. ಡೇಟಾ ಇರುವುದು ಡಿಬಿ2 ಡೇಟಾಬೇಸ್‌ನಲ್ಲಿ ತಾನೆ? ಜಾವಾದಿಂದ ಜೆಡಿಬಿಸಿ ಸಂಪರ್ಕ ಹಾಕಿ ಟೇಬಲ್ ನೇರ ಓದಿ. ಎರಡು ವಾರದ ಕೆಲಸ. ಮಿಕ್ಕ ನಾಲ್ಕು ವಾರ ಆರಾಮಾಗಿರಿ.

ಹಳೇ ಟೇಪು
ಸೋಮವಾರ, ಬೆಳಿಗ್ಗೆ 11:05

ಜಿಂದಾಬಾದ್ ಅವರೇ, ಟೇಬಲ್ ಓದಿ ಅಂದಿರಿ, ಸರಿ. ದಂಡ ಬಡ್ಡಿ ಯಾವ ಟೇಬಲ್‌ನಲ್ಲಿದೆ? ಎಲ್ಲೂ ಇಲ್ಲ. ಅದು ಎಫ್8 ಒತ್ತಿದಾಗ ಹುಟ್ಟುತ್ತದೆ, ಎಫ್3 ಒತ್ತಿದಾಗ ಸಾಯುತ್ತದೆ. ಅದರ ಲೆಕ್ಕವನ್ನು ನೀವು ಜಾವಾದಲ್ಲಿ ಇನ್ನೊಮ್ಮೆ ಬರೆಯಬೇಕಾಗುತ್ತದೆ. ಆಮೇಲೆ ಶಾಖೆಯಲ್ಲಿ ಒಂದು ಮೊತ್ತ, ಬ್ಯಾಂಕಿನಲ್ಲಿ ಒಂದು ಮೊತ್ತ. ಗಿರಾಕಿ ಎರಡನ್ನೂ ಪ್ರಿಂಟ್ ತೆಗೆದುಕೊಂಡು ಕೌಂಟರ್ ಮುಂದೆ ನಿಲ್ಲುತ್ತಾನೆ.

ರಾತ್ರಿಪಾಳಿಯವರೇ, ನಿಮ್ಮ ಮ್ಯಾನೇಜರ್ ಹೇಳಿದ್ದು ಅರ್ಧ ನಿಜ. ಪ್ರೋಗ್ರಾಂ ಇದೆ. ಆದರೆ ಅದು ಪರದೆಯ ಮುಂದೆ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ನಂಬಿಕೊಂಡಿದೆ. ಆ ನಂಬಿಕೆ ಎಲ್ಲೆಲ್ಲಿದೆ ಅಂತ ಹುಡುಕುವುದೇ ನಿಮ್ಮ ಆರು ವಾರದ ಕೆಲಸ. ಎಕ್ಸ್‌ಎಂಎಲ್ ಮಾಡುವುದಕ್ಕೆ ಒಂದು ದಿನ ಸಾಕು. ಉಳಿದದ್ದನ್ನು ಸಂಜೆ ಬರೆಯುತ್ತೇನೆ, ಈಗ ಒಂದು ಮೀಟಿಂಗ್ ಇದೆ.

ಲೆಡ್ಜರ್ ಅಕ್ಕ
ಸೋಮವಾರ, ಮಧ್ಯಾಹ್ನ 1:30

"ಈ ಕಾಲದಲ್ಲೂ ಸೋಪಾ" ಅನ್ನುವವರಿಗೆ ಒಂದು ಮಾತು. ಸೋಪ್ 1.1 ಬಂದದ್ದು 2000ದಲ್ಲಿ, ಡಬ್ಲ್ಯೂಎಸ್‌ಡಿಎಲ್ 1.1 ಬಂದದ್ದು 2001ರಲ್ಲಿ. ಹಳೆಯವು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ತಿಂದು ಯುಪಿಐನಲ್ಲಿ ದುಡ್ಡು ಕೊಡುತ್ತೀರಲ್ಲ, ಬ್ಯಾಂಕಿಗೂ ಯುಪಿಐ ನಡೆಸುವ ಎನ್‌ಪಿಸಿಐಗೂ ನಡುವೆ ಓಡುವ ಆ ಮೆಸೇಜ್ ಎಕ್ಸ್‌ಎಂಎಲ್. ಆಧಾರ್ ದೃಢೀಕರಣದ ಕೋರಿಕೆ ಎಕ್ಸ್‌ಎಂಎಲ್. ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ 2013ರಿಂದ ಐಎಸ್‌ಒ 20022 ಅನ್ನುವ ಮೆಸೇಜ್ ಮಾನದಂಡದ ಮೇಲೆ ನಡೆಯುತ್ತಿದೆ, ಅದೂ ಎಕ್ಸ್‌ಎಂಎಲ್. ಇವು ಸೋಪ್ ಅಲ್ಲ, ನಿಜ. ಆದರೂ ದುಡ್ಡಿನ ಲೋಕ ಎಕ್ಸ್‌ಎಂಎಲ್ ಬಿಟ್ಟಿಲ್ಲ. ಬ್ಯಾಂಕ್ ಸೋಪ್ ಕೇಳಿದರೆ ಸೋಪ್ ಕೊಡಿ, ಅದಕ್ಕೆ ಜಗಳ ಯಾಕೆ?

ನಾನು ಟ್ಯಾಂಡಂ ಕಂಪ್ಯೂಟರ್ ಮೇಲೆ ಕೆಲಸ ಕಲಿತವಳು, ಈಗ ನಾನ್‌ಸ್ಟಾಪ್ ಅನ್ನುತ್ತಾರೆ. ಅಲ್ಲಿ ಪಾತ್‌ವೇ ಅಂತ ಒಂದು ಪದ್ಧತಿ. ಪರದೆ ನೋಡಿಕೊಳ್ಳುವ ಪ್ರೋಗ್ರಾಂ ಬೇರೆ, ಲೆಕ್ಕ ಮಾಡುವ ಸರ್ವರ್ ಬೇರೆ. ಸರ್ವರ್‌ಗೆ ಒಂದು ಮೆಸೇಜ್ ಬರುತ್ತದೆ, ಅದು ಒಂದು ಉತ್ತರ ಕೊಡುತ್ತದೆ, ಆಮೇಲೆ ಎಲ್ಲ ಮರೆತುಬಿಡುತ್ತದೆ. ಅಂಥದ್ದಕ್ಕೆ ವೆಬ್ ಸರ್ವಿಸ್ ಹೊದಿಸುವುದು ಸುಲಭ. ಮೆಸೇಜಿನ ರೂಪ ಡಿಡಿಎಲ್ ಅನ್ನುವ ವಿವರಣಾ ಭಾಷೆಯಲ್ಲಿ ಮೊದಲೇ ಬರೆದಿರುತ್ತದೆ, ಅದರಿಂದ ಡಬ್ಲ್ಯೂಎಸ್‌ಡಿಎಲ್ ಹುಟ್ಟಿಸುವ ಸಾಧನಗಳಿವೆ. ನಿಮ್ಮ ಕಲಸಿದ ಹುಳಿಯನ್ನದಲ್ಲಿ ಆ ಪುಣ್ಯ ಇಲ್ಲ. ಮೊದಲು ಬೇರ್ಪಡಿಸಬೇಕು.

ಪೀಣ್ಯ ಎರಡನೇ ಹಂತ
ಸೋಮವಾರ, ಮಧ್ಯಾಹ್ನ 3:10

ಪರದೆಯನ್ನೇ ಓದುವ ದಾರಿ ಇದೆ, ಅದನ್ನು ಯಾರೂ ಹೇಳಲಿಲ್ಲ. 5250 ಪರದೆಗೆ (ಅದೇ ಹಸಿರು ಪರದೆ) ಒಂದು ಪ್ರೋಗ್ರಾಂ ಸೈನ್ ಆನ್ ಆಗಿ, ತಾನೇ ಕೀ ಒತ್ತಿ, ಆರನೇ ಸಾಲಿನ ಇಪ್ಪತ್ತನೇ ಅಂಕಣದಿಂದ ಮೊತ್ತ ಕಿತ್ತುಕೊಳ್ಳುತ್ತದೆ. ನಮ್ಮ ಹಳೇ ಕಂಪನಿಯಲ್ಲಿ ಹಾಗೇ ಮಾಡಿದ್ದೆವು. ಒಂದು ವರ್ಷ ಚೆನ್ನಾಗಿ ಓಡಿತು. ಆಮೇಲೆ ಯಾರೋ ಪುಣ್ಯಾತ್ಮ ಪರದೆಯ ಮೇಲೆ "ಕೆವೈಸಿ ಬಾಕಿ ಇದೆ" ಅಂತ ಒಂದು ಸಾಲು ಸೇರಿಸಿದ. ಮೊತ್ತ ಒಂದು ಸಾಲು ಕೆಳಗೆ ಜಾರಿತು. ನಮ್ಮ ಸರ್ವಿಸ್ ಮಧ್ಯಾಹ್ನದವರೆಗೆ ಪಿನ್‌ಕೋಡನ್ನು ಬಾಕಿ ಅಂತ ಕೊಡುತ್ತಿತ್ತು. ಎಲ್ಲರ ಸಾಲವೂ ಐದು ಲಕ್ಷದ ಅರವತ್ತು ಸಾವಿರ ಚಿಲ್ಲರೆ!

ಈಗಿನ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಟ್ಯಾಲಿ ಜೊತೆ. ಟ್ಯಾಲಿ ನಮ್ಮ ಬೆಂಗಳೂರಿನದೇ ಅಲ್ವಾ. ಅದನ್ನು ಸರ್ವರ್ ಆಗಿ ಬಿಟ್ಟರೆ 9000 ಪೋರ್ಟ್‌ನಲ್ಲಿ ಎಚ್‌ಟಿಟಿಪಿ ಮೇಲೆ ಎಕ್ಸ್‌ಎಂಎಲ್ ತೆಗೆದುಕೊಳ್ಳುತ್ತದೆ. ಎನ್ವಲಪ್, ಹೆಡರ್, ಬಾಡಿ ಅಂತ ಟ್ಯಾಗ್‌ಗಳು. ನೋಡಿದರೆ ಸೋಪ್‌ನ ದಾಯಾದಿ ಅನ್ನಿಸುತ್ತದೆ, ಆದರೆ ಸೋಪ್ ಅಲ್ಲ, ಡಬ್ಲ್ಯೂಎಸ್‌ಡಿಎಲ್ ಸಿಗುವುದಿಲ್ಲ. ಆದರೂ ನಮ್ಮ ಗೇಟಿನ ತೂಕದ ಯಂತ್ರದಿಂದ ವೋಚರ್ ನೇರ ಟ್ಯಾಲಿಗೆ ಬೀಳುತ್ತದೆ.

ಹಳೇ ಟೇಪು
ಸೋಮವಾರ, ರಾತ್ರಿ 9:45

ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದೆ. ಈಗ ಬರೆಯುತ್ತೇನೆ.

ನಿಮ್ಮ ಪ್ರೋಗ್ರಾಂ ಆರ್‌ಪಿಜಿ 3 ಆಗಿದ್ದರೆ ಮೊದಲು ಅದರ ಸೋರ್ಸನ್ನು ಆರ್‌ಪಿಜಿ 4ಕ್ಕೆ ತಿರುಗಿಸಿ. ಸಿವಿಟಿಆರ್‌ಪಿಜಿಎಸ್‌ಆರ್‌ಸಿ ಕಮಾಂಡ್ ಇದೆ, ಬಹುಪಾಲು ತಾನೇ ಮಾಡುತ್ತದೆ. ಆಮೇಲೆ ಕತ್ತರಿ ಹಿಡಿಯಿರಿ. ದಂಡ ಬಡ್ಡಿ ಮತ್ತು ಚುಕ್ತಾ ಲೆಕ್ಕವನ್ನು ಪರದೆಯಿಲ್ಲದ ಒಂದು ಹೊಸ ಪ್ರೋಗ್ರಾಂಗೆ ಸಾಗಿಸಿ. ಒಳಗೆ ಬರುವುದು ಸಾಲದ ನಂಬರ್ ಮತ್ತು ತಾರೀಖು. ಹೊರಗೆ ಹೋಗುವುದು ಮೊತ್ತಗಳು, ಕಂತುಗಳು, ಒಂದು ಫಲಿತಾಂಶ ಕೋಡ್. ಮುಖ್ಯವಾದದ್ದು ಇನ್ನೊಂದಿದೆ: ಹಳೇ ಹಸಿರು ಪರದೆಯೂ ಇನ್ನು ಮೇಲೆ ಈ ಹೊಸ ಪ್ರೋಗ್ರಾಂ ಅನ್ನೇ ಕರೆಯಬೇಕು. ಇದನ್ನು ಬಿಟ್ಟರೆ ಎರಡು ಲೆಕ್ಕ ಆಗುತ್ತದೆ, ಜಿಂದಾಬಾದ್ ಅವರ ದಾರಿಗೂ ನಿಮ್ಮ ದಾರಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಕಂಪೈಲ್ ಮಾಡುವಾಗ ಪಿಜಿಎಂಇನ್ಫೊ ಕೀವರ್ಡ್ ಕೊಟ್ಟರೆ ಪಿಸಿಎಂಎಲ್ ಹುಟ್ಟುತ್ತದೆ. ಅದು ನಿಮ್ಮ ಪ್ಯಾರಾಮೀಟರ್‌ಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬಣ್ಣಿಸುವ ಕಡತ. ಮೆಷಿನ್ ಜೊತೆಗೇ ಬರುವ ವೆಬ್ ಸರ್ವಿಸ್ ಸರ್ವರ್ ಅದನ್ನು ಓದಿ ಡಬ್ಲ್ಯೂಎಸ್‌ಡಿಎಲ್ ಕೊಡುತ್ತದೆ. ಹೊಸದೇನೂ ಕೊಳ್ಳಬೇಕಾಗಿಲ್ಲ. ಅದರಲ್ಲೇ ರೆಸ್ಟ್ ಕೂಡ ಇದೆ, ನಾಳೆ ನಿಮ್ಮ ಮೊಬೈಲ್ ಆ್ಯಪ್‌ನವರು ಜೇಸನ್ ಕೇಳಿದರೆ ಅದೇ ಪ್ರೋಗ್ರಾಂ ಸಾಕು.

ಎರಡು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಮೊದಲನೆಯದು ಹೆಸರು. ಹಳೇ ಆರ್‌ಪಿಜಿಯಲ್ಲಿ ಹೆಸರಿಗೆ ಆರೇ ಅಕ್ಷರ. ಎಲ್‌ಎನ್‌ಪಿಬಿಎಲ್ ಅನ್ನುವುದನ್ನು ಹಾಗೇ ಡಬ್ಲ್ಯೂಎಸ್‌ಡಿಎಲ್‌ಗೆ ಬಿಟ್ಟರೆ ಬ್ಯಾಂಕಿನವರು ಅದೇನು ಅಂತ ಹತ್ತು ವರ್ಷ ಫೋನ್ ಮಾಡುತ್ತಾರೆ. ಒಮ್ಮೆ ಕೊಟ್ಟ ಡಬ್ಲ್ಯೂಎಸ್‌ಡಿಎಲ್ ಬದಲಾಯಿಸುವುದು ಕಷ್ಟ, ಬರೆದುಕೊಟ್ಟ ಕರಾರು ಇದ್ದ ಹಾಗೆ. ಎರಡನೆಯದು ಸಾಲುಪಟ್ಟಿ. ಕಂತುಗಳಿಗೆ 84 ಸಾಲಿನ ಅರೇ ಇಟ್ಟರೆ, ಎಷ್ಟು ಸಾಲು ತುಂಬಿದೆ ಅಂತ ಹೇಳುವ ಎಣಿಕೆ ಫೀಲ್ಡ್ ಜೋಡಿಸಿ. ಇಲ್ಲದಿದ್ದರೆ 12 ಕಂತಿನ ಸಾಲಕ್ಕೂ 72 ಖಾಲಿ ಕಂತು ಸೇರಿ ಹೋಗುತ್ತವೆ.

ಲೆಡ್ಜರ್ ಅಕ್ಕ
ಮಂಗಳವಾರ, ಬೆಳಿಗ್ಗೆ 7:40

ಟೇಪು ಸಾರ್ ಪ್ರೋಗ್ರಾಂ ಕಡೆ ಹೇಳಿದರು, ನಾನು ಡೇಟಾ ಕಡೆ ಹೇಳುತ್ತೇನೆ.

ದುಡ್ಡು ಪ್ಯಾಕ್ಡ್ ಡೆಸಿಮಲ್‌ನಲ್ಲಿರುತ್ತದೆ. ಒಂದು ಬೈಟಿಗೆ ಎರಡು ಅಂಕಿ, ಕೊನೆಯ ಅರ್ಧ ಬೈಟಿನಲ್ಲಿ ಕೂಡು ಕಳೆ ಚಿಹ್ನೆ. ಪೈಸೆ ಕೂಡ ತಪ್ಪುವುದಿಲ್ಲ. ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ಇದಕ್ಕೆ ಡೆಸಿಮಲ್ ಅಂತಲೇ ಹಾಕಿಸಿ. ಡಬಲ್ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಹಾಕಿದರೆ ಆ ಕಡೆಯವರು ಕಂತುಗಳನ್ನು ಕೂಡಿಸುವ ಹೊತ್ತಿಗೆ ಒಂದು ಪೈಸೆ ಹೆಚ್ಚುಕಮ್ಮಿ ಬರಬಹುದು. ಆ ಒಂದು ಪೈಸೆಗೆ ಆಡಿಟರ್ ಮೂರು ದಿನ ಕೂರುತ್ತಾರೆ, ನಾನು ನೋಡಿದ್ದೇನೆ.

ಅಕ್ಷರಗಳು ಎಬ್ಸಿಡಿಕ್, ಅಂದರೆ ಐಬಿಎಂನ ಹಳೇ ಅಕ್ಷರ ಸಂಕೇತ. ಅದನ್ನು ಸರ್ವರ್ ಯುಟಿಎಫ್-8ಗೆ ತಾನೇ ತಿರುಗಿಸುತ್ತದೆ. ತೊಂದರೆ ಕೊಡುವುದು ಯಾರೂ ಏನೂ ತುಂಬದ ಫೀಲ್ಡ್. ಖಾಲಿ ಅಂದರೆ ಎಬ್ಸಿಡಿಕ್‌ನಲ್ಲಿ ಹೆಕ್ಸ್ 40 ಇರಬೇಕು. ಕೆಲವು ಹಳೇ ರೆಕಾರ್ಡ್‌ಗಳಲ್ಲಿ ಹೆಕ್ಸ್ 00 ಕೂತಿರುತ್ತದೆ. ಹಸಿರು ಪರದೆಯಲ್ಲಿ ಎರಡೂ ಖಾಲಿಯಾಗಿಯೇ ಕಾಣುತ್ತವೆ. ಎಕ್ಸ್‌ಎಂಎಲ್ 1.0ನಲ್ಲಿ ಆ 00 ಅಕ್ಷರಕ್ಕೆ ಜಾಗವೇ ಇಲ್ಲ. ಸಂಕೇತ ಮಾಡಿ ಬರೆದರೂ ಒಪ್ಪುವುದಿಲ್ಲ. ಬ್ಯಾಂಕಿನ ಪಾರ್ಸರ್ ಇಡೀ ಉತ್ತರವನ್ನೇ ಎಸೆಯುತ್ತದೆ. ಹೊರಗೆ ಕಳಿಸುವ ಮುಂಚೆ ಪ್ರತಿ ಅಕ್ಷರ ಫೀಲ್ಡನ್ನೂ ತೊಳೆದುಬಿಡಿ.

ಇನ್ನು ತಾರೀಖು. ಆರು ಅಂಕಿಯಲ್ಲಿದೆಯಾ? ಮುಚ್ಚದ ಸಾಲಕ್ಕೆ ಮುಚ್ಚಿದ ತಾರೀಖು ಏನು ಹಾಕಿದ್ದಾರೆ? ಸೊನ್ನೆಯಾ, 999999ಆ? ಎರಡೂ ಇರುತ್ತದೆ, ಬೆಟ್ ಕಟ್ಟುತ್ತೇನೆ.

ರಾಜಾಜಿನಗರ ರಾತ್ರಿಪಾಳಿ
ಮಂಗಳವಾರ, ಬೆಳಿಗ್ಗೆ 10:15

ಅಕ್ಕ, ಬೆಟ್ ಗೆದ್ದಿರಿ. ಸೊನ್ನೆ, 999999, ಜೊತೆಗೆ 888888 ಕೂಡ ಇದೆ! ಅದೇನು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಹಳೇ ಟೇಪು
ಮಂಗಳವಾರ, ಬೆಳಿಗ್ಗೆ 10:30

ಬರೆದವರನ್ನೇ ಕೇಳಿ. ನಿವೃತ್ತರಾಗಿದ್ದಾರೆ ಅಂದಿರಿ, ಊರು ಬಿಟ್ಟಿಲ್ಲ ತಾನೆ? ಬರಿಗೈಯಲ್ಲಿ ಹೋಗಬೇಡಿ.

ರಾಜಾಜಿನಗರ ರಾತ್ರಿಪಾಳಿ
ಭಾನುವಾರ, ಸಂಜೆ 6:20

ಹೋಗಿ ಬಂದೆ. ಹನುಮಂತನಗರದಲ್ಲಿದ್ದಾರೆ. ಗಾಂಧಿ ಬಜಾರಿನಲ್ಲಿ ಹಣ್ಣು ತೆಗೆದುಕೊಂಡು ಹೋದೆ. ನಾನು 888888 ಅಂದ ತಕ್ಷಣ ನಗಲು ಶುರು ಮಾಡಿದರು. ಗಾಡಿ ಜಪ್ತಿ ಮಾಡಿ, ಹರಾಜು ಇನ್ನೂ ಆಗದ ಸಾಲಕ್ಕೆ ಆ ಗುರುತಂತೆ. ಅಂಥ ಸಾಲಕ್ಕೆ ದಂಡ ಬಡ್ಡಿ ನಿಲ್ಲಿಸಬೇಕು. ಪ್ರೋಗ್ರಾಂನಲ್ಲಿ ಆ ಸಾಲು ಇದೆ, ನಾನು ಕಸ ಅಂತ ತೆಗೆದುಹಾಕಿದ್ದೆ. ವಾಪಸ್ ಹಾಕಿದೆ.

ಈಗ ಹೊಸ ತಲೆನೋವು. ಪ್ರೋಗ್ರಾಂ ಬೇರ್ಪಡಿಸಿ ಸರ್ವಿಸ್ ಏಳಿಸಿದೆ. ಸೋಪ್‌ಯುಐ ಅನ್ನುವ ಪರೀಕ್ಷಾ ಸಾಧನದಿಂದ ಕರೆದರೆ ಮೊದಲ ಸಲ ಮೊತ್ತ ಸರಿ. ಎರಡನೇ ಸಲ ಅದೇ ಸಾಲ, ಅದೇ ತಾರೀಖು, ದಂಡ ಬಡ್ಡಿ ಜಾಸ್ತಿ. ಒಮ್ಮೊಮ್ಮೆ ಮತ್ತೆ ಸರಿ ಬರುತ್ತದೆ. ಸರ್ವರ್ ನಿಲ್ಲಿಸಿ ಏಳಿಸಿದರೆ ಎಲ್ಲ ಸರಿ. ಹಸಿರು ಪರದೆಯಲ್ಲಿ ಎಂದೂ ಹೀಗಾಗಿಲ್ಲ. ನೆಟ್‌ವರ್ಕ್‌ನವರು ಕ್ಯಾಶ್ (ಹಳೇ ಉತ್ತರವನ್ನೇ ನೆನಪಿಟ್ಟು ಕೊಡುವುದು) ಅನ್ನುತ್ತಾರೆ.

ಜೇಸನ್ ಜಿಂದಾಬಾದ್
ಭಾನುವಾರ, ಸಂಜೆ 6:40

ಪಕ್ಕಾ ಕ್ಯಾಶ್.

ಹಳೇ ಟೇಪು
ಭಾನುವಾರ, ರಾತ್ರಿ 8:00

ಕ್ಯಾಶ್ ಅಲ್ಲ, ಎಲ್‌ಆರ್, ಪ್ರೋಗ್ರಾಂ ಪೂರ್ತಿ ಮುಗಿಯಿತು ಅನ್ನುವ ಗುರುತು. ಪ್ರೋಗ್ರಾಂ ಮುಗಿಯುವಾಗ ಎಲ್‌ಆರ್ ಇಂಡಿಕೇಟರ್ ಆನ್ ಮಾಡಿದ್ದೀರಾ, ಇಲ್ಲ ಸುಮ್ನೆ ರಿಟರ್ನ್ ಕೊಟ್ಟಿದ್ದೀರಾ?

ಎಲ್‌ಆರ್ ಆನ್ ಆಗದೆ ರಿಟರ್ನ್ ಆದರೆ ಪ್ರೋಗ್ರಾಂ ಸಾಯುವುದಿಲ್ಲ, ಕಣ್ಣು ಮುಚ್ಚಿಕೊಂಡಿರುತ್ತದೆ. ಅದೇ ಜಾಬ್‌ನಲ್ಲಿ (ಮೆಷಿನ್ ಮೇಲೆ ಓಡುವ ಒಂದು ಕೆಲಸದ ಅವಧಿ) ಮತ್ತೆ ಕರೆದಾಗ ಹಳೇ ವೇರಿಯಬಲ್‌ಗಳ ಬೆಲೆ ಹಾಗೇ ಇರುತ್ತದೆ. ನಿಮ್ಮ ದಂಡ ಬಡ್ಡಿ ಕೂಡುವ ವೇರಿಯಬಲ್ ಅನ್ನು ಯಾರೂ ಸೊನ್ನೆ ಮಾಡಿಲ್ಲ. ಮೊದಲ ಕರೆಯ ಮೊತ್ತದ ಮೇಲೆ ಎರಡನೆಯದು ಕೂಡುತ್ತಿದೆ. ಹಸಿರು ಪರದೆಯಲ್ಲಿ ಪ್ರತಿಯೊಬ್ಬನಿಗೂ ಅವನದೇ ಜಾಬ್. ಎಫ್3 ಒತ್ತಿದಾಗ ಎಲ್‌ಆರ್ ಆನ್ ಆಗುತ್ತಿತ್ತು, ಎಲ್ಲ ಅಳಿಸಿಹೋಗುತ್ತಿತ್ತು. ಇಲ್ಲಿ ಎಫ್3 ಒತ್ತುವವರು ಯಾರು? ವೆಬ್ ಸರ್ವಿಸ್‌ನ ಕರೆಗಳೆಲ್ಲ ಮೊದಲೇ ಎದ್ದು ಕಾಯುತ್ತಿರುವ ಕೆಲವೇ ಜಾಬ್‌ಗಳಲ್ಲಿ ನಡೆಯುತ್ತವೆ. ಯಾವ ಕರೆ ಯಾವ ಜಾಬ್‌ಗೆ ಬೀಳುತ್ತದೆ ಅಂತ ಹೇಳಲಾಗದು. ಅದಕ್ಕೇ ಒಮ್ಮೊಮ್ಮೆ ಸರಿ.

ಎಲ್‌ಆರ್ ಆನ್ ಮಾಡಿದರೆ ಸರಿಹೋಗುತ್ತದೆ, ಆದರೆ ಪ್ರತಿ ಕರೆಗೂ ಫೈಲ್‌ಗಳನ್ನು ತೆರೆದು ಮುಚ್ಚಬೇಕು, ನಿಧಾನ ಆಗುತ್ತದೆ. ಪ್ರೋಗ್ರಾಂ ಶುರುವಿನಲ್ಲೇ ಎಲ್ಲ ಕೆಲಸದ ವೇರಿಯಬಲ್‌ಗಳನ್ನು ತೊಳೆಯಿರಿ. ನನಗೆ ಅದೇ ಇಷ್ಟ.

ಇದೇ ಜಾತಿಯ ಇನ್ನೆರಡು ಕಳ್ಳರಿದ್ದಾರೆ. ಕ್ಯೂಟೆಂಪ್ ಲೈಬ್ರರಿ ಮತ್ತು ಲೋಕಲ್ ಡೇಟಾ ಏರಿಯಾ. ಎರಡೂ ತಾತ್ಕಾಲಿಕ ಜಾಗಗಳು, ಜಾಬ್‌ಗೆ ಒಂದರಂತೆ. ಹಳೇ ಪ್ರೋಗ್ರಾಂಗಳು ಅಲ್ಲಿ ಶಾಖೆ ಕೋಡ್, ಯೂಸರ್ ಹೆಸರು ಎಲ್ಲ ಬಚ್ಚಿಡುತ್ತವೆ. ಒಬ್ಬ ಗಿರಾಕಿಯದು ಇನ್ನೊಬ್ಬನಿಗೆ ಕಾಣಿಸಿದರೆ ಅದು ತಪ್ಪು ಮೊತ್ತಕ್ಕಿಂತ ದೊಡ್ಡ ರಾದ್ಧಾಂತ. ಸೋರ್ಸ್‌ನಲ್ಲಿ ಈ ಎರಡು ಹೆಸರನ್ನೂ ಹುಡುಕಿ.

ರಾಜಾಜಿನಗರ ರಾತ್ರಿಪಾಳಿ
ಸೋಮವಾರ, ಬೆಳಿಗ್ಗೆ 11:50

ಸಾರ್, ಎಲ್‌ಆರ್ರೇ! ತೊಳೆದೆ, ನೂರು ಸಲ ಕರೆದೆ, ನೂರು ಸಲವೂ ಒಂದೇ ಮೊತ್ತ. ಲೋಕಲ್ ಡೇಟಾ ಏರಿಯಾದಲ್ಲಿ ಶಾಖೆ ಕೋಡ್ ಇತ್ತು. ಅದನ್ನು ಪ್ಯಾರಾಮೀಟರ್ ಮಾಡಿದೆ.

ಜೇಸನ್ ಜಿಂದಾಬಾದ್
ಸೋಮವಾರ, ಮಧ್ಯಾಹ್ನ 12:05

ಕ್ಯಾಶ್ ಅಂದದ್ದು ವಾಪಸ್. ಇಂಥದ್ದು ನಮ್ಮ ಕಡೆಯೂ ಆಗುತ್ತದೆ. ಸ್ಟ್ಯಾಟಿಕ್ ವೇರಿಯಬಲ್ ಹಾಕಿ ಎರಡು ಥ್ರೆಡ್ ಬಿಟ್ಟರೆ ಇದೇ ಕಥೆ.

ರಾಜಾಜಿನಗರ ರಾತ್ರಿಪಾಳಿ
ಶುಕ್ರವಾರ, ಸಂಜೆ 4:30

ಬ್ಯಾಂಕಿನವರು ಪರೀಕ್ಷೆ ಶುರು ಮಾಡಿದರು. ಮೊದಲ ದಿನ ಪೂರ್ತಿ 415 ದೋಷ. ಅವರ ಕಡೆಯಿಂದ ಸೋಪ್ 1.2 ಬರುತ್ತಿತ್ತು, ನನ್ನದು 1.1. ಕಂಟೆಂಟ್ ಟೈಪ್ ಹೆಡರ್ ಬೇರೆ ಬೇರೆ. ಅವರು ಒಂದು ಟಿಕ್ ಬದಲಾಯಿಸಿದರು, ಆಯಿತು. ಇದಕ್ಕೆ ಹನ್ನೆರಡು ಜನರ ಕಾನ್ಫರೆನ್ಸ್ ಕಾಲ್.

ಆದರೆ ನಿನ್ನೆ ರಾತ್ರಿ ಇನ್ನೊಂದು. ಒಂದು ಸಾಲಕ್ಕೆ ಉತ್ತರವೇ ಬರಲಿಲ್ಲ. ಬ್ಯಾಂಕ್ ಕಡೆ ಟೈಮ್‌ಔಟ್. ನಮ್ಮ ಕಡೆ ನೋಡಿದರೆ ಜಾಬ್ ಎಂಎಸ್‌ಜಿಡಬ್ಲ್ಯೂನಲ್ಲಿ, ಅಂದರೆ ಉತ್ತರಕ್ಕೆ ಕಾಯುತ್ತಾ, ನಿಂತಿದೆ. ಹಳೇ ರೆಕಾರ್ಡ್ ಒಂದರ ಪ್ಯಾಕ್ಡ್ ಫೀಲ್ಡ್‌ನಲ್ಲಿ ಕಸ, ಡೆಸಿಮಲ್ ಡೇಟಾ ಎರರ್. ರದ್ದು ಮಾಡಲೋ, ಮುಂದುವರಿಸಲೋ ಅಂತ ಪ್ರೋಗ್ರಾಂ ಆಪರೇಟರನ್ನು ಕೇಳುತ್ತಾ ಬೆಳಗಿನವರೆಗೆ ಕಾದಿದೆ.

ಹಳೇ ಟೇಪು
ಶುಕ್ರವಾರ, ಸಂಜೆ 5:15

ಪರದೆಯ ಮುಂದೆ ಮನುಷ್ಯ ಕೂತಿದ್ದಾನೆ ಅಂತ ನಂಬಿಕೊಂಡಿದೆ ಅಂದಿದ್ದೆನಲ್ಲ, ಇದೇ. ಎರಡು ಕೆಲಸ ಮಾಡಿ. ಆ ಜಾಬ್‌ಗಳಲ್ಲಿ ಪ್ರಶ್ನೆಗೆ ತಾನೇ ಡಿಫಾಲ್ಟ್ ಉತ್ತರ ಹೋಗುವ ಹಾಗೆ ಐಎನ್‌ಕ್ಯೂಎಂಎಸ್‌ಜಿಆರ್‌ಪಿವೈ ಸೆಟ್ಟಿಂಗ್ ಬದಲಾಯಿಸಿ. ಪ್ರೋಗ್ರಾಂ ಒಳಗೆ ಮಾನಿಟರ್ ಅನ್ನುವ ಆದೇಶ ಹಾಕಿ ದೋಷ ಹಿಡಿಯಿರಿ, "ಈ ಸಾಲದ ವಿವರದಲ್ಲಿ ದೋಷವಿದೆ" ಅಂತ ಫಲಿತಾಂಶ ಕೋಡ್ ಕೊಡಿ. ಇಲ್ಲದಿದ್ದರೆ ಅಂಥ ಹತ್ತು ಸಾಲ ಬಂದರೆ ಕಾಯುತ್ತಿರುವ ಜಾಬ್‌ಗಳೆಲ್ಲ ಸಿಕ್ಕಿಕೊಂಡು ಸರ್ವಿಸ್ ಪೂರ್ತಿ ನಿಲ್ಲುತ್ತದೆ.

ಪೀಣ್ಯ ಎರಡನೇ ಹಂತ
ಶುಕ್ರವಾರ, ಸಂಜೆ 5:40

ಸರ್ವಿಸ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆ? ದಯವಿಟ್ಟು ಎಲ್ಲ ಅಧಿಕಾರವೂ ಇರುವ ಕ್ಯೂಸೆಕ್‌ಆಫರ್ ಅನ್ನಬೇಡಿ.

ರಾಜಾಜಿನಗರ ರಾತ್ರಿಪಾಳಿ
ಶುಕ್ರವಾರ, ಸಂಜೆ 5:42

ಸೋಮವಾರ ಬದಲಾಯಿಸುತ್ತೇನೆ ಸಾರ್.

ಲೆಡ್ಜರ್ ಅಕ್ಕ
ಶುಕ್ರವಾರ, ಸಂಜೆ 5:55

ಇವತ್ತೇ ಬದಲಾಯಿಸಿ. ಸಾಲದ ಟೇಬಲ್ ಓದುವಷ್ಟೇ ಅಧಿಕಾರ ಇರುವ ಯೂಸರ್ ಮಾಡಿ. ಮೆಷಿನ್ ಅನ್ನು ನೇರ ಹೊರಗೆ ತೆರೆದಿಡಬೇಡಿ, ನಡುವೆ ಪ್ರಾಕ್ಸಿ ಇರಲಿ, ಎರಡೂ ಕಡೆ ಸರ್ಟಿಫಿಕೇಟ್ ಇರಲಿ. ಡಿಟಿಡಿ (ಎಕ್ಸ್‌ಎಂಎಲ್‌ನ ರಚನೆ ಹೇಳುವ ಭಾಗ) ಇರುವ ಎಕ್ಸ್‌ಎಂಎಲ್ ಬಂದರೆ ಬಾಗಿಲಲ್ಲೇ ತಳ್ಳಿ. ಸೋಪ್ ಮೆಸೇಜಿನಲ್ಲಿ ಡಿಟಿಡಿ ಇರಲೇಬಾರದು ಅಂತ ನಿಯಮವೇ ಇದೆ.

ರಾಜಾಜಿನಗರ ರಾತ್ರಿಪಾಳಿ
ಮುಂದಿನ ಗುರುವಾರ, ರಾತ್ರಿ 10:10

ಬಾಕಿ ತೋರಿಸುವ ಸರ್ವಿಸ್ ಲೈವ್ ಆಯಿತು. ಯೂಸರ್ ಅವತ್ತೇ ಬದಲಾಯಿಸಿದೆ ಅಕ್ಕ. ಮ್ಯಾನೇಜರ್‌ಗೆ ಖುಷಿ. ಎಷ್ಟು ಖುಷಿ ಅಂದರೆ, ಕಂತು ಕಟ್ಟುವ ಸರ್ವಿಸ್ ಕೂಡ ಇದೇ ತಿಂಗಳು ಬಿಡೋಣ ಅನ್ನುತ್ತಿದ್ದಾರೆ.

ಲೆಡ್ಜರ್ ಅಕ್ಕ
ಶುಕ್ರವಾರ, ಬೆಳಿಗ್ಗೆ 8:05

ಬೇಡ ಅನ್ನಿ. ಓದುವ ಸರ್ವಿಸ್ ಎರಡು ಸಲ ಕರೆದರೆ ಏನೂ ಆಗುವುದಿಲ್ಲ. ಕಟ್ಟುವ ಸರ್ವಿಸ್ ಎರಡು ಸಲ ಕರೆದರೆ ಎರಡು ರಸೀದಿ. ಕಂತು ಜಮಾ ಆಗಿರುತ್ತದೆ, ಉತ್ತರ ಹೋಗುವ ದಾರಿಯಲ್ಲಿ ಲೈನ್ ಕಟ್ ಆಗುತ್ತದೆ. ಬ್ಯಾಂಕ್ ಟೈಮ್‌ಔಟ್ ಅಂದುಕೊಂಡು ಮತ್ತೆ ಕಳಿಸುತ್ತದೆ. ಹಸಿರು ಪರದೆಯಲ್ಲಿ ಕ್ಯಾಷಿಯರ್ ಕಣ್ಣಿಂದ ನೋಡಿ "ಆಗಲೇ ಬಿದ್ದಿದೆ" ಅನ್ನುತ್ತಿದ್ದ.

ಬ್ಯಾಂಕ್ ಪ್ರತಿ ಪಾವತಿಗೂ ತನ್ನದೊಂದು ರೆಫರೆನ್ಸ್ ನಂಬರ್ ಕೊಡಬೇಕು. ನೀವು ಅದನ್ನು ಯೂನಿಕ್ ಕೀ ಇರುವ ಟೇಬಲ್‌ನಲ್ಲಿ, ಕಂತಿನ ಜಮಾ ಜೊತೆಗೇ, ಒಂದೇ ಕಮಿಟ್‌ನಲ್ಲಿ (ಉಳಿದರೆ ಎರಡೂ, ಹೋದರೆ ಎರಡೂ) ಬರೆಯಬೇಕು. ಅದೇ ನಂಬರ್ ಮತ್ತೆ ಬಂದರೆ ಹಳೇ ರಸೀದಿಯನ್ನೇ ತಿರುಗಿ ಕೊಡಿ. ಇನ್ನೊಂದು, ರಾತ್ರಿ ದಿನಾಂತ್ಯದ ಬ್ಯಾಚ್ ಓಡುವಾಗ ಪಾವತಿ ಬಂದರೆ ಯಾವ ತಾರೀಖಿಗೆ ಜಮಾ? ಇದನ್ನು ನೀವು ತೀರ್ಮಾನಿಸಬೇಡಿ, ಅಕೌಂಟ್ಸ್‌ನವರಿಂದ ಬರೆಸಿಕೊಳ್ಳಿ.

ಹಳೇ ಟೇಪು
ಶುಕ್ರವಾರ, ಬೆಳಿಗ್ಗೆ 9:30

ಅಕ್ಕ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಅದಕ್ಕೂ ಮುಂಚೆ ಒಂದು ನೋಡಿ. ಮನೆ ಸಾಲವೂ ಇದೆ ಅಂದಿರಿ. ಆರು ಅಂಕಿಯ ತಾರೀಖನ್ನು ಆರ್‌ಪಿಜಿ ಓದುವುದು 1940ರಿಂದ 2039ರವರೆಗೆ. 40 ಅಂದರೆ ಅದಕ್ಕೆ 1940. ಲಾರಿ ಸಾಲ ಐದಾರು ವರ್ಷದ್ದು, ಅದಕ್ಕೆ ಇನ್ನೂ ಹೆದರಿಕೆಯಿಲ್ಲ. ಇಪ್ಪತ್ತು ವರ್ಷದ ಮನೆ ಸಾಲದ ಕೊನೆಯ ಕಂತು ಯಾವ ವರ್ಷಕ್ಕೆ ಬೀಳುತ್ತದೆ?

ರಾಜಾಜಿನಗರ ರಾತ್ರಿಪಾಳಿ
ಶುಕ್ರವಾರ, ಬೆಳಿಗ್ಗೆ 9:55

ಈಗಷ್ಟೇ ಒಂದು ಮನೆ ಸಾಲ ಕರೆದು ನೋಡಿದೆ. ಕೊನೆಯ ಕಂತು 1945, ಏಪ್ರಿಲ್. ಬ್ಯಾಂಕಿಗೆ ಫೋನ್ ಮಾಡುತ್ತೇನೆ. ಹನುಮಂತನಗರಕ್ಕೂ ಇನ್ನೊಮ್ಮೆ ಹೋಗಬೇಕು.